ಸುತ್ತುಮಲ್ಲಿಗೆ ಬೀಜ ಕಳೆದುಕೊಂಡದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು, ಇಂಚರಾ. ಕಾಲಿಟ್ಟರೆ ಪಾದ ಹೂತು ಹೋಗುತ್ತಿತ್ತು. ಹೊಳೆಗೆ ಸಮುದ್ರದ ದಾರಿ ಗೊತ್ತಿರಲಿಲ್ಲ, ಸಿಕ್ಕಿದವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಗಾಳಿ ಎಲ್ಲರ ಹತ್ತಿರ ನಿಂತು ಮಾತಾಡುತ್ತಿತ್ತು, ಈಗಿನ ಹಾಗೆ ಮುಖ ತಿರುಗಿಸಿಕೊಂಡು ಓಡುತ್ತಿರಲಿಲ್ಲ.

ಆಗ ಗಿಡಗಳೆಲ್ಲ ಬರೀ ಹಸಿರು. ಬೆಳೆಯೋದು, ಬೆಳೆಯೋದು, ಇನ್ನೂ ಬೆಳೆಯೋದು. ಅಷ್ಟೇ ಕೆಲಸ. ಮುದಿಯಾದರೆ ಮುಗೀತು, ಹಿಂದೆ ಮಗನೂ ಇಲ್ಲ, ಮಗಳೂ ಇಲ್ಲ. ಅದನ್ನು ನೋಡಿ ಭೂಮ್ತಾಯಿಗೆ ಸಂಕಟವಾಯಿತು. ಒಂದೊಂದು ಗಿಡದ ಒಳಗೂ ಮೂವರು ಅಕ್ಕತಂಗಿಯರನ್ನು ಇಟ್ಟಳು. "ಇವರು ಹೂವು ಕಟ್ಟುತ್ತಾರೆ. ಆ ಹೂವಿನೊಳಗೆ ನಿಮ್ಮ ಮಕ್ಕಳು ಹುಟ್ಟುತ್ತಾರೆ," ಅಂದಳು.

ದೊಡ್ಡವಳು ಹಚ್ಚವ್ವ, ಹಸಿರಿನವಳು. ನಡುವಿನವಳು ಬಣ್ಣವ್ವ, ಬಣ್ಣದವಳು. ಚಿಕ್ಕವಳು ಬಸಿರವ್ವ, ಬೀಜದವಳು.

ಏನಂದೆ? ಅವರು ಕಣ್ಣಿಗೆ ಕಾಣುತ್ತಾರಾ ಅಂತಲಾ? ಇಲ್ಲ ಕಣೆ. ಒಳಗೆ ದುಡಿಯೋರು ಯಾವ ಕಾಲದಲ್ಲಿ ಯಾರ ಕಣ್ಣಿಗೆ ಕಂಡಿದ್ದಾರೆ! ಬಾಯಿ ಮುಚ್ಚಿಕೊಂಡು ಮೊಗ್ಗು ಬಿಡಿಸು, ಹೇಳ್ತೀನಿ.

ಹೂವು ಅಂದರೆ ನಾಲ್ಕು ಸುತ್ತಿನ ಮನೆ. ಹೊರಗಿನ ಸುತ್ತನ್ನು ಹಚ್ಚವ್ವ ಒಬ್ಬಳೇ ಕಟ್ಟುತ್ತಿದ್ದಳು. ಅದೇ ಮೊಗ್ಗನ್ನು ಹಿಡಿದುಕೊಳ್ಳೋ ಹಸಿರು ಬಟ್ಟಲು. ಎರಡನೆಯ ಸುತ್ತಿಗೆ ಹಚ್ಚವ್ವನ ಜೊತೆ ಬಣ್ಣವ್ವ ಕೈ ಹಾಕುತ್ತಿದ್ದಳು. ಅದು ಎಸಳು. ಮೂರನೆಯ ಸುತ್ತಿಗೆ ಹಚ್ಚವ್ವ ಹೊರಗೆ, ಬಸಿರವ್ವ ಒಳಗೆ. ಬಣ್ಣವ್ವ, ಬಸಿರವ್ವ ಇಬ್ಬರೂ ಸೇರಿ ಹಳದಿ ಧೂಳಿನ ಕಡ್ಡಿಗಳನ್ನು ನಿಲ್ಲಿಸುತ್ತಿದ್ದರು. ನಾಲ್ಕನೆಯದು, ನಟ್ಟನಡುವಿನದು, ಬಸಿರವ್ವ ಒಬ್ಬಳದೇ. ಅಲ್ಲಿ ಬೀಜ ಮಲಗೋ ಗೂಡು.

ಆ ಗೂಡು ಮುಗಿಸಿ ಬಸಿರವ್ವ "ಸಾಕು" ಅನ್ನುತ್ತಿದ್ದಳು. ಅವಳು ಸಾಕು ಅಂದರೆ ಹೂವು ಮುಗೀತು. ಆಮೇಲೆ ದುಂಬಿ ಬಂದು ಧೂಳು ಮುಟ್ಟಿಸಿ ಹೋದ ಮೇಲೆ ಇನ್ನೊಂದು ಸಲ "ಸಾಕು" ಅನ್ನುತ್ತಿದ್ದಳು. ಆಗ ಎಸಳು ಉದುರುತ್ತಿದ್ದವು, ಕಾಯಿ ಕಚ್ಚುತ್ತಿತ್ತು.

ಹಚ್ಚವ್ವನಿಗೂ ಬಸಿರವ್ವನಿಗೂ ಒಂದು ಕ್ಷಣವೂ ಆಗಿಬರುತ್ತಿರಲಿಲ್ಲ. ಒಬ್ಬಳು ಕಾಲಿಟ್ಟ ಸುತ್ತಿನಲ್ಲಿ ಇನ್ನೊಬ್ಬಳು ಇರುತ್ತಿರಲಿಲ್ಲ. ಅದು ಗೊತ್ತಿದ್ದೇ ಭೂಮ್ತಾಯಿ ಒಂದು ಕಟ್ಟಳೆ ಮಾಡಿದ್ದಳು. ಹೆಸರು ಹಿಡಿದು ಕೂಗದೆ ಯಾರೂ ಹೂವಿನ ಮನೆಗೆ ಕಾಲಿಡಬಾರದು. ಕರೆ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತೆ.

ಕರೆಯೋನು ಯಾರು ಗೊತ್ತಾ? ಓಲೇಕಾರ. ಗಿಡದ ಎಲೆಗಳಿಗೆ ಹಗಲನ್ನು ಅಳೆಯೋ ಕೆಲಸ. ಬೆಳಗಿನಿಂದ ಬೈಗಿನವರೆಗೆ ಬಿಸಿಲು ಎಷ್ಟು ಹೊತ್ತು ನಿಂತಿತು, ನೆನ್ನೆಗಿಂತ ಹೆಚ್ಚೋ ಕಡಿಮೆಯೋ, ಅಳೆದು ಅಳೆದು ಇಟ್ಟುಕೊಳ್ಳುತ್ತಿದ್ದವು. ಸೇವಂತಿಗೆ ಎಲೆಗೆ ಹಗಲು ಕುಗ್ಗಬೇಕು. ಮಲ್ಲಿಗೆ ಎಲೆಗೆ ಹಗಲು ಹಿಗ್ಗಬೇಕು. ತನ್ನ ಅಳತೆ ಬಂತು ಅಂದ ಕೂಡಲೆ ಎಲೆ ಓಲೇಕಾರನನ್ನು ಕಳಿಸುತ್ತಿತ್ತು. ಅವನು ಕಾಂಡದ ಒಳಗೇ ಓಡಿ ಸುಳಿಗೆ ಬಂದು ಕೂಗುತ್ತಿದ್ದ: "ಹಚ್ಚವ್ವಾ ಏಳು! ಬಣ್ಣವ್ವಾ ಏಳು! ಬಸಿರವ್ವಾ ಏಳು!"

ಗಿಡ ಒಂದು ಹೊಸ ಕೊಂಬೆ ಬಿಟ್ಟರೆ ಆ ಕೊಂಬೆಗೆ ಓಲೇಕಾರನ ಮಗ ಹೋಗುತ್ತಿದ್ದ. ಅಪ್ಪ ಕೂಗಿದ್ದನ್ನು ಕೇಳಿ ಮಗ ಕಲಿಯುತ್ತಿದ್ದ. ಬರೆದಿಟ್ಟುಕೊಂಡವರು ಯಾರೂ ಇಲ್ಲ. ಎಲ್ಲಾ ಬಾಯಿಮಾತಿನ ಪಾಠ.

ಹೀಗೆ ಲೋಕದಲ್ಲಿ ಹೂವಾಯಿತು. ಹೊಳೆ ದಂಡೆಯ ದಿಬ್ಬದ ಮೇಲೆ ನಮ್ಮ ಮಲ್ಲಿಗೆಯೂ ಹೂವು ಬಿಟ್ಟಳು. ಆಗ ಅವಳದು ಒಂದೇ ಸುತ್ತಿನ ಎಸಳು. ಬೆಳ್ಳಗೆ, ತೆಳ್ಳಗೆ, ಬೈಗಿಗೆ ಅರಳಿ ಬೆಳಿಗ್ಗೆಗೆ ಉದುರುತ್ತಿತ್ತು. ಉದುರಿದ ಜಾಗದಲ್ಲಿ ಎರಡೆರಡು ಕರೀ ಕಾಯಿ. ಹಕ್ಕಿ ತಿಂದು ಬೀಜ ಉದುರಿಸುತ್ತಿದ್ದವು. ದಿಬ್ಬದ ಕೆಳಗೆಲ್ಲ ಮಲ್ಲಿಗೆಯ ಮಕ್ಕಳು. ಗೇಣುದ್ದದ್ದು, ಮೊಳದುದ್ದದ್ದು, ಆಗತಾನೇ ಎರಡೆಲೆ ಬಿಟ್ಟದ್ದು. "ಅವ್ವಾ, ನಾನು ಎಷ್ಟುದ್ದ ಆದೆ ನೋಡು!" ಅಂತ ಒಂದೊಂದೂ ಕೂಗೋದು. "ನೋಡಿದೆ ಕಣವ್ವ, ನೋಡಿದೆ," ಅನ್ನೋಳು ಮಲ್ಲಿಗೆ. ಇಷ್ಟಿದ್ದರೂ ಅವಳಿಗೆ ಸಾಲಲಿಲ್ಲ. ಯಾಕೆ ಸಾಲಲಿಲ್ಲ ಅಂತ ನನ್ನ ಕೇಳಬೇಡ, ನನಗೂ ಆ ಸಿಟ್ಟಿದೆ.

ಒಂದು ದಿನ ಆ ದಂಡೆಗೆ ನಿಂಗಾಜಮ್ಮ ಬಂದಳು. ಲೋಕದಲ್ಲಿ ಮೊದಲು ಬಾಳೆನಾರು ಹಿಡಿದು ಹೂವು ಕಟ್ಟಿದವಳು ಅವಳೇ. ಮಂಕರಿ ತುಂಬಾ ಕನಕಾಂಬರ ಬಿಡಿಸಿಕೊಂಡು, ಮಲ್ಲಿಗೆ ಹತ್ತಿರ ನಿಂತು, ಎರಡು ಹೂವು ಕಿತ್ತು ನಾರಿಗೆ ಹಾಕಿ ನೋಡಿದಳು. ಗಂಟು ಬಿಗಿದಳೋ ಇಲ್ಲವೋ, ಎಸಳು ಪಟಕ್ಕನೆ ನೆಲಕ್ಕೆ ಬಿತ್ತು.

"ಥೂ, ಇದೇನು ಹೂವು!" ಅಂದಳು ನಿಂಗಾಜಮ್ಮ. "ವಾಸನೆ ನೋಡಿದರೆ ಊರೆಲ್ಲ ತಿರುಗಿ ನೋಡಬೇಕು. ಮುಡಿದರೆ ಮನೆ ತಲುಪೋದರೊಳಗೆ ಬರೀ ತೊಟ್ಟು. ಆ ಕನಕಾಂಬರಕ್ಕೆ ವಾಸನೆ ಇಲ್ಲ, ಆದರೂ ಮೂರು ದಿನ ತಲೆ ಮೇಲೆ ಇರುತ್ತೆ." ಮೂಗು ಮುರಿದು ಹೊರಟೇಹೋದಳು.

ಮಲ್ಲಿಗೆಗೆ ಅವಮಾನದಿಂದ ಎಲೆಎಲೆಯೂ ಉರಿಯಿತು. ವಾಸನೆ ಇಲ್ಲದ ಕನಕಾಂಬರ ಮೇಲೆ, ನಾನು ಕೆಳಗಾ? ಅವಳು ದೊಡ್ಡವಳನ್ನು ಕರೆದಳು. "ಹಚ್ಚವ್ವ, ನನ್ನ ಎಸಳು ಯಾಕೆ ನಿಲ್ಲೋಲ್ಲ?"

ಹಚ್ಚವ್ವ ಇಂಥ ಮಾತಿಗೇ ಕಾದಿದ್ದಳು. "ಯಾಕೆ ಅಂತೀಯ? ನಾವು ಕಷ್ಟಪಟ್ಟು ಎಸಳು ಕಟ್ತೀವಿ. ಆ ಚಿಕ್ಕವಳು ಬಂದು ಸಾಕು ಅಂತಾಳೆ, ಉದುರಿಸ್ತಾಳೆ. ಅವಳಿಂದ ನಮಗೆ ಎರಡು ಸುತ್ತು ಜಾಗ ದಂಡ."

ಬಣ್ಣವ್ವ ಮೊದಲು ಹಿಂದೆಮುಂದೆ ನೋಡಿದಳು. "ಅವಳೂ ನಮ್ಮ ಒಡಹುಟ್ಟಿದವಳಲ್ವಾ ಅಕ್ಕ?" ಅಂದಳು. ಆಮೇಲೆ ಅವಳಿಗೂ ಆಸೆ ಬಂತು. ಹಳದಿ ಕಡ್ಡಿ ನಿಲ್ಲಿಸೋ ಜಾಗದಲ್ಲೂ ಎಸಳು ಹಾಸಬಹುದಲ್ಲ! "ಏನೋ ಮಾಡಿ, ನಾನು ಬೇಡ ಅನ್ನಲ್ಲ," ಅಂದಳು. ಬೇಡ ಅನ್ನದೆ ಕೂತವರನ್ನು ಕಂಡರೆ ನನಗೆ ಮಾಡಿದವರಿಗಿಂತ ಜಾಸ್ತಿ ಹೊಟ್ಟೆ ಉರಿಯುತ್ತೆ.

ಮಲ್ಲಿಗೆ ದಿಬ್ಬದ ಕೆಳಗಿನ ಮಕ್ಕಳನ್ನು ಒಂದು ಸಲ ನೋಡಿದಳು. "ಇಷ್ಟು ಮಕ್ಕಳಿದ್ದಾರಲ್ಲ, ಸಾಲದಾ? ಆಗಲಿ," ಅಂದಳು.

ಹಗಲು ಹಿಗ್ಗಿತು. ಎಲೆ ಅಳೆದು ಓಲೇಕಾರನನ್ನು ಕಳಿಸಿತು. ಅವನು ಏದುಸಿರು ಬಿಡುತ್ತಾ ಸುಳಿಗೆ ಬಂದ. "ಹಚ್ಚವ್ವಾ ಏಳು! ಬಣ್ಣವ್ವಾ ಏಳು!" ಮೂರನೆಯ ಹೆಸರಿಗೆ ಬಾಯಿ ತೆರೆಯೋ ಹೊತ್ತಿಗೆ ಹಚ್ಚವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಶ್! ಪಾಪ, ಚಿಕ್ಕವಳು ದಣಿದು ಮಲಗಿದ್ದಾಳೆ. ಕೂಗಬೇಡ. ಅವಳನ್ನು ನಾವೇ ಎಬ್ಬಿಸ್ಕೋತೀವಿ. ಇನ್ನುಮೇಲೆ ನೀನು ಎರಡೇ ಹೆಸರು ಕೂಗು."

"ಅಮ್ಮಾವ್ರು ಹೇಳಿದ ಹಾಗೆ," ಅಂದ ಓಲೇಕಾರ. ಅವನಿಗೇನು, ಒಂದು ಕೂಗು ಉಳಿಯಿತು.

ಅವರು ಎಬ್ಬಿಸಿದರಾ? ಎಬ್ಬಿಸಲಿಲ್ಲ.

ನಾನೂ ಈ ಮನೆಗೆ ಮೂರನೇ ಸೊಸೆಯಾಗಿ ಬಂದವಳು ಕಣೆ. ಎಲ್ಲರನ್ನೂ ಊಟಕ್ಕೆ ಕೂಗಿ, ನನ್ನ ಬಿಟ್ಟು ಕೂತದ್ದು ಒಂದು ಸಲ ಅಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕರೆಯಲಿಲ್ಲ ಅಷ್ಟೇ. ನಾನು ಒಲೆ ಮುಂದೆ ಕೂತು, ಈಗ ಕರೀತಾರೆ, ಈಗ ಕರೀತಾರೆ ಅಂತ ಕಿವಿ ಕೊಟ್ಟುಕೊಂಡಿರುತ್ತಿದ್ದೆ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಇದನ್ನು ಮರೆತಿಲ್ಲ.

ಇರಲಿ. ಬಸಿರವ್ವ ಮಲಗಿದ್ದಳು. ಈ ಕಡೆ ಹಚ್ಚವ್ವ ಬಟ್ಟಲು ಕಟ್ಟಿದಳು. ಇಬ್ಬರೂ ಸೇರಿ ಎಸಳು ಹಾಸಿದರು. ಮೂರನೆಯ ಸುತ್ತಿಗೆ ಬಂದರು, ಅಲ್ಲಿ ಹಚ್ಚವ್ವನನ್ನು ಹೊರಗೆ ಕಳಿಸೋರು ಯಾರೂ ಇಲ್ಲ. ಅಲ್ಲೂ ಎಸಳು. ನಟ್ಟನಡುವಿನ ಗೂಡಿನ ಜಾಗಕ್ಕೆ ಬಂದರು, ಅಲ್ಲೂ ಯಾರೂ ಇಲ್ಲ. ಹಚ್ಚವ್ವ ಅಲ್ಲಿ ಇನ್ನೊಂದು ಹೂವನ್ನೇ ಶುರು ಮಾಡಿದಳು. ಮತ್ತೆ ಎಸಳು, ಮತ್ತೆ ಎಸಳು. ಸಾಕು ಅನ್ನೋರಿಲ್ಲ. ಐದು ಸುತ್ತು, ಆರು ಸುತ್ತು, ಏಳು ಸುತ್ತು. ಮೊಗ್ಗು ಗೋಲಿಯ ಹಾಗೆ ದುಂಡಗೆ ಊದಿಕೊಂಡಿತು.

ಬೈಗಿಗೆ ಅದು ಬಿರಿದಾಗ ದಂಡೆಗೆ ದಂಡೆಯೇ ಬೆರಗಾಯಿತು. ಗಾಳಿ ನಿಂತು ಮೂಸಿತು. ಹೊಳೆ ತಿರುಗಿ ನೋಡಿತು. ನಿಂಗಾಜಮ್ಮ ಮಂಕರಿಯಲ್ಲಿದ್ದ ಕನಕಾಂಬರವನ್ನು ಹಾಗೇ ಕೆಳಗೆ ಸುರಿದಳು.

"ಅಯ್ಯೋ ನನ್ನ ತಾಯಿ! ಇದು ಹೂವು ಅಂದರೆ!" ಅಂತ ಮಾರುಗಟ್ಟಲೆ ಕಟ್ಟಿದಳು. ಒಂದು ಎಸಳೂ ಉದುರಲಿಲ್ಲ.

ಆ ಗಲಾಟೆಗೆ ಬಸಿರವ್ವನಿಗೆ ಎಚ್ಚರವಾಯಿತು. ಓಡಿಬಂದಳು. ಹೂವಿನ ಬಾಗಿಲು ಮುಚ್ಚಿತ್ತು. ತಟ್ಟಿದಳು, ತೆರೆಯಲಿಲ್ಲ.

"ಅಕ್ಕಾ, ನನ್ನನ್ನ ಯಾಕೆ ಎಬ್ಬಿಸಲಿಲ್ಲ?"

ಒಳಗಿನಿಂದ ಹಚ್ಚವ್ವ ಅಂದಳು, "ಇಲ್ಲಿ ಜಾಗ ಇಲ್ಲ ಕಣೆ. ಎಲ್ಲಾ ಎಸಳಾಗಿದೆ."

ಬಣ್ಣವ್ವ ಎಸಳಿನ ಹಿಂದೆ ಮುಖ ಮುಚ್ಚಿಕೊಂಡಳು.

ಬಸಿರವ್ವ ಮಲ್ಲಿಗೆಯನ್ನೇ ಕೇಳಿದಳು. "ನಿನಗೆ ಗೊತ್ತಿತ್ತಾ?"

ಮಲ್ಲಿಗೆಗೆ ಹೊಗಳಿಕೆ ತಲೆಗೇರಿತ್ತು. "ಗೊತ್ತಿತ್ತು. ಈಗ ನೋಡು ನನ್ನನ್ನ! ನೀನಿದ್ದಾಗ ಒಂದು ಹಗಲಾದರೂ ನಿಂತಿದ್ದೀನಾ?"

"ಬೀಜ?"

"ನನಗೆ ಮಕ್ಕಳಿದ್ದಾರಲ್ಲ, ಸಾಕು," ಅಂದಳು ಮಲ್ಲಿಗೆ.

ನೋಡು, ಸಾಕು ಅನ್ನೋ ಮಾತನ್ನು ಅವಳು ಎಲ್ಲಿ ಆಡಬೇಕೋ ಅಲ್ಲಿ ಆಡಲಿಲ್ಲ, ಆಡಬಾರದ ಕಡೆ ಆಡಿದಳು. ಬಸಿರವ್ವ ಜಗಳ ಮಾಡಲಿಲ್ಲ. ಸೆರಗು ಕೊಡವಿಕೊಂಡು ದಿಬ್ಬ ಇಳಿದು ಕಾಡಿನ ಕಡೆಗೆ ನಡೆದಳು. ಹೋಗೋವಾಗ ಕೆಳಗಿದ್ದ ಸಸಿಗಳ ತಲೆ ಒಂದೊಂದಾಗಿ ಸವರಿದಳು. ಅವನ್ನೆಲ್ಲ ಗೂಡಿನಲ್ಲಿ ಮಲಗಿಸಿ ಬೆಳೆಸಿದವಳು ಅವಳೇ ತಾನೇ.

ಆಮೇಲಿನ ವರ್ಷಗಳನ್ನು ಏನು ಹೇಳಲಿ. ಮಲ್ಲಿಗೆಯ ಹೆಸರು ಊರೂರಿಗೆ ಹಬ್ಬಿತು. ಹಗಲು ಹಿಗ್ಗಿದ ಕೂಡಲೆ ಓಲೇಕಾರ ಬರೋದು, ಎರಡು ಹೆಸರು ಕೂಗೋದು, ಏಳು ಸುತ್ತಿನ ಹೂವು ಬಿರಿಯೋದು. ಹಳೇ ಕೊಂಬೆ ಒಣಗಿತು, ಹೊಸ ಕೊಂಬೆ ಬಂತು. ಹಳೇ ಓಲೇಕಾರ ಹೋದ, ಮಕ್ಕಳು ಬಂದರು. ಅವರು ಅಪ್ಪನ ಬಾಯಲ್ಲಿ ಕೇಳಿದ್ದು ಎರಡೇ ಹೆಸರು. ಎರಡನ್ನೇ ಕಲಿತರು.

ಒಂದು ಮಳೆಗಾಲ ಹೊಳೆ ಉಕ್ಕಿತು. ದಿಬ್ಬದ ಮೇಲಿದ್ದ ಮಲ್ಲಿಗೆ ಉಳಿದಳು. ಕೆಳಗಿದ್ದ ಮಕ್ಕಳು ಉಳಿಯಲಿಲ್ಲ. "ಅವ್ವಾ!" ಅಂತ ಕೂಗಿದ್ದು ಕೇಳಿಸಿತು, ಆಮೇಲೆ ಬರೀ ನೀರಿನ ಸದ್ದು. ಎಲ್ಲಕ್ಕಿಂತ ಚಿಕ್ಕದು ತುದಿಯ ಎರಡೆಲೆ ನೀರಿನ ಮೇಲೆತ್ತಿ ಸ್ವಲ್ಪ ಹೊತ್ತು ಕಾಣಿಸಿಕೊಂಡಿತು. ಗಿಡ ಬಗ್ಗಿ ಎತ್ತಿಕೊಳ್ಳೋಕೆ ಆಗುತ್ತಾ ಹೇಳು.

"ಏನು ಮಾಡಿದೆ ಹೊಳೆಯೇ!" ಅಂತ ಮಲ್ಲಿಗೆ ಬಾಯಿ ಬಡಿದುಕೊಂಡಳು.

"ನಾನು ನನ್ನ ದಾರಿಯಲ್ಲಿ ಹೋದೆ," ಅಂದಿತು ಹೊಳೆ. "ಹುಣಸೆಯ ಮಕ್ಕಳೂ ಹೋದವು, ಹೊಂಗೆಯ ಮಕ್ಕಳೂ ಹೋದವು. ಆ ಅವ್ವಂದಿರು ಆಗಲೇ ಹೂವು ಬಿಟ್ಟಿದ್ದಾರೆ. ನೀನೂ ಬಿಡು, ಬೀಜ ಆಗುತ್ತೆ."

ಮಲ್ಲಿಗೆ ಒಳಗಿನ ಇಬ್ಬರನ್ನೂ ಕರೆದಳು. "ನನಗೆ ಒಂದು ಬೀಜ ಕಟ್ಟಿಕೊಡಿ. ಒಂದೇ ಒಂದು."

ಹಚ್ಚವ್ವ ಪ್ರಯತ್ನ ಮಾಡಿದಳು. ಗೂಡು ಕಟ್ಟೋಕೆ ಹೋದರೆ ಹಸಿರು ಬಟ್ಟಲಾಯಿತು. ಬಣ್ಣವ್ವ ಅತ್ತುಕೊಂಡೇ ಕೈ ಹಾಕಿದಳು. ಇಬ್ಬರ ಕೈ ಕೂಡಿದಲ್ಲೆಲ್ಲ ಎಸಳಾಯಿತು. ಬಿಚ್ಚಿ ಮತ್ತೆ ಕಟ್ಟಿದರು, ಮತ್ತೆ ಎಸಳು. "ನಮಗೆ ಗೊತ್ತಿರೋದು ಇಷ್ಟೇ," ಅಂದಳು ಬಣ್ಣವ್ವ. "ಅವಳಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲ." ಈ ಬುದ್ಧಿ ಎಷ್ಟು ಬೇಗ ಬಂತು ನೋಡು, ಮಕ್ಕಳೆಲ್ಲ ನೀರುಪಾಲಾದ ಮೇಲೆ!

ಮಲ್ಲಿಗೆ ಗಾಳಿಯ ಕಾಲು ಹಿಡಿದಳು. "ಗಾಳಿಯಣ್ಣ, ಕಾಡಿಗೆ ಹೋಗು. ಬಸಿರವ್ವನಿಗೆ ತಪ್ಪಾಯಿತು ಅಂತ ಹೇಳು. ಅವಳು ಬೈಯಲಿ, ಶಾಪ ಹಾಕಲಿ, ಬಂದರೆ ಸಾಕು."

ಗಾಳಿ ಹೋಗಿ ಹೇಳಿತು. ಬಸಿರವ್ವ ಕೂಡಲೆ ಎದ್ದು ಬಂದಳು. ಅವಳನ್ನು ಕಂಡು ಮಲ್ಲಿಗೆ ಬಿಕ್ಕಿಬಿಕ್ಕಿ ಅತ್ತಳು. "ನಿನಗೆ ನನ್ನ ಮೇಲೆ ಕೋಪ ಇಲ್ಲವೇನೇ?"

"ಇತ್ತು, ಬೆಟ್ಟದಷ್ಟಿತ್ತು," ಅಂದಳು ಬಸಿರವ್ವ. "ಆ ಮಕ್ಕಳು ಹೋದ ಸುದ್ದಿ ಕೇಳಿದ ದಿನ ಎಲ್ಲಾ ಇಳಿದುಹೋಯಿತು. ಹಗಲು ಹಿಗ್ಗಲಿ. ನನ್ನ ಹೆಸರು ಕೂಗಿಸು. ಮುಂದಿನದು ನನಗೆ ಬಿಡು."

ಸುಳಿಯ ಬುಡದಲ್ಲಿ ಕೂತು ಕಾದಳು. ಚಳಿ ಕಳೆಯಿತು. ಹಗಲು ಒಂದೊಂದು ಬೆರಳು ಉದ್ದವಾಯಿತು. ಎಲೆ ಅಳೆಯಿತು, ಓಲೇಕಾರ ಓಡಿಬಂದ.

"ಹಚ್ಚವ್ವಾ ಏಳು! ಬಣ್ಣವ್ವಾ ಏಳು!" ಅಂದು ಅವನು ತಿರುಗಿ ಹೊರಟ.

"ನಿಲ್ಲೋ!" ಅಂತ ಕಿರುಚಿದಳು ಮಲ್ಲಿಗೆ. "ಮೂರನೆಯವಳನ್ನ ಕೂಗು!"

"ಯಾವ ಮೂರನೆಯವಳು ಅಮ್ಮಾ? ನಮ್ಮಪ್ಪ ಎರಡೇ ಹೇಳಿಕೊಟ್ಟದ್ದು."

"ಬಸಿರವ್ವ ಅನ್ನು. ನನ್ನಪ್ಪ ಅಲ್ವಾ, ಬಸಿರವ್ವಾ ಏಳು ಅನ್ನು."

ಪಾಪ, ಅವನು ಬಾಯಿ ತೆರೆದ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಅವನಪ್ಪ ಆಡದ ಹೆಸರು ಅವನ ನಾಲಿಗೆಗೆ ಹತ್ತಲಿಲ್ಲ. ಪಕ್ಕದ ಕೊಂಬೆಯವನನ್ನು ಕರೆಸಿದರು, ಅವನಿಗೂ ಬರಲಿಲ್ಲ. ಇಪ್ಪತ್ತು ಕೊಂಬೆಗೆ ಇಪ್ಪತ್ತು ಜನ. ಒಬ್ಬನಿಗೂ ಬರಲಿಲ್ಲ. ಮಲ್ಲಿಗೆ ತಾನೇ ಕೂಗಿದಳು, ಗಂಟಲು ಹರಿಯೋ ಹಾಗೆ ಕೂಗಿದಳು. ಬಾಗಿಲು ಓಲೇಕಾರನ ಕರೆಗೆ ಮಾತ್ರ ತೆರೆಯೋದು. ಭೂಮ್ತಾಯಿಯ ಕಟ್ಟಳೆ, ಅವಳು ಅತ್ತಳು ಅಂತ ಬದಲಾಗುತ್ತಾ?

ಆ ವರ್ಷವೂ ಏಳು ಸುತ್ತಿನ ಹೂವು ಬಿರಿಯಿತು. ಊರೆಲ್ಲ ಘಮ್ಮಂತು. ಬಸಿರವ್ವ ಬಾಗಿಲ ಹೊರಗೆ ಕೂತಿದ್ದಳು, ಒಳಗೆ ಅಕ್ಕಂದಿರು ಎಸಳ ಮೇಲೆ ಎಸಳು ಹಾಸೋದನ್ನು ಕೇಳಿಸಿಕೊಳ್ಳುತ್ತಾ.

ಮೂರು ವರ್ಷ ಕೂತಳು ಅಂತಾರೆ. ನಾಲ್ಕನೆಯ ವರ್ಷ ಎದ್ದಳು.

"ನಿನಗೆ ಇನ್ನೂ ಕೋಪ ಇದೆ, ಅದಕ್ಕೇ ಹೋಗ್ತಿದ್ದೀಯ," ಅಂದಳು ಮಲ್ಲಿಗೆ.

"ಕೋಪ ಇದ್ದಿದ್ದರೆ ನೀನು ಸಮಾಧಾನ ಮಾಡಬಹುದಿತ್ತು," ಅಂದಳು ಬಸಿರವ್ವ. ಕಾಂಡವನ್ನು ಒಂದು ಸಲ ತಬ್ಬಿಕೊಂಡು ಕಾಡಿಗೆ ವಾಪಸ್ಸು ಹೋದಳು. ಕಾಡುಮಲ್ಲಿಗೆಯ ಓಲೇಕಾರನಿಗೆ ಮೂರು ಹೆಸರೂ ಬರುತ್ತೆ. ಅಲ್ಲಿ ಈಗಲೂ ಎಸಳು ಉದುರುತ್ತೆ, ಕರೀ ಕಾಯಿ ಬಿಡುತ್ತೆ.

ಮಲ್ಲಿಗೆಗೆ ವಯಸ್ಸಾಯಿತು. ಬುಡ ಟೊಳ್ಳಾಗುತ್ತಾ ಬಂತು. ಹೋಗಿಬಿಡೋಣ ಅಂತ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ನಿಂಗಾಜಮ್ಮ ಬಿಡಬೇಕಲ್ಲ! ಅಂಥ ಹೂವನ್ನು ಯಾರು ಬಿಡುತ್ತಾರೆ? ಕುಡುಗೋಲು ತಂದು ಒಂದು ಕೊಂಬೆ ಕತ್ತರಿಸಿ, ಮಣ್ಣಿಗೆ ನೆಟ್ಟು, ನೀರು ಹೊಯ್ದಳು. ವಾರ ಕಳೆಯಿತು. ಬೇರು ಬಂತು, ಚಿಗುರು ಬಂತು.

ಮಲ್ಲಿಗೆಯ ಜೀವ ಹಿಗ್ಗಿತು. "ಮಗಳೇ!" ಅಂದಳು. "ಮಗಳೇ, ಎಷ್ಟುದ್ದ ಆದೆ? ಅವ್ವಾ ಅನ್ನು ನೋಡೋಣ."

ಆ ಪುಟ್ಟ ಗಿಡ ಮುದಿ ದನಿಯಲ್ಲಿ ಅಂದಿತು, "ಯಾರನ್ನ ಅವ್ವಾ ಅನ್ನಲಿ? ನಾನು ನೀನೇ. ಆ ಹೊಳೆಯ ನೀರು ನನಗೂ ನೆನಪಿದೆ. ಆ ಎರಡೆಲೆ ನನಗೂ ಕಾಣಿಸುತ್ತೆ."

ಅಲ್ಲಿಂದ ಹೀಗೇ ನಡೆದುಬಂತು ಕಣೆ. ಹಳೇ ಗಿಡ ಒಣಗೋ ಹೊತ್ತಿಗೆ ಅದರದೇ ಕೊಂಬೆ ಇನ್ನೊಂದು ಕಡೆ ಬೇರು ಬಿಟ್ಟಿರುತ್ತೆ. ಒಂದು ಸಾವಿರ ಗಿಡ ನೆಟ್ಟರೂ ಅವಳು ಒಬ್ಬಳೇ. ಸಾಯೋಕೂ ಬಿಡೋರಿಲ್ಲ, ಮಗು ಎತ್ತಿಕೊಡೋರೂ ಇಲ್ಲ. ಎಲ್ಲರೂ ಮುಡಿದುಕೊಂಡು ಎಷ್ಟು ಚೆಂದ ಎಷ್ಟು ಚೆಂದ ಅಂತಾರೆ.

ಅಳಬೇಡ. ಅತ್ತರೆ ಏನು ಬಂತು? ಇಗೋ, ಈ ಹೂವನ್ನು ಬಿಚ್ಚಿ ನೋಡು. ಒಂದೊಂದೇ ಎಸಳು ತೆಗಿ. ಇನ್ನೂ ತೆಗಿ. ಏನಾದರೂ ಸಿಕ್ಕಿತಾ?

ಅದಕ್ಕೇ ಮಗಾ, ಸುತ್ತುಮಲ್ಲಿಗೆಯ ಒಳಗೆ ಇವತ್ತಿಗೂ ಎಸಳಿನೊಳಗೆ ಎಸಳೇ ಹೊರತು ಬೀಜ ಇಲ್ಲ. ಅದಕ್ಕೇ ನಾವು ಕೀಳೋದು ಮರೆತ ಹೂವು ಕಾಡುಮಲ್ಲಿಗೆಯ ಹಾಗೆ ಉದುರದೆ, ಸಾಕು ಅನ್ನೋ ಒಂದು ಮಾತಿಗೆ ಕಾಯುತ್ತಾ ಗಿಡದ ಮೇಲೇ ಕಂದಿ ಒಣಗಿ ನಿಂತಿರುತ್ತೆ.